ಮುನ್ನಾರಿನ ಗೇಟಿನ ಒಳಗಿರುವುದು ನಮ್ಮೂರಿಗೂ ಬರಲಿ

ಮಾನ್ಯ ಸಂಪಾದಕರಿಗೆ,

ಮುಳ್ಳಯ್ಯನಗಿರಿಗೆ ದಿನಕ್ಕೆ ಇಷ್ಟೇ ವಾಹನ, ಅದೂ ಮೊದಲೇ ನೋಂದಾಯಿಸಿಕೊಂಡು ಬರಬೇಕು ಎಂದು 2025ರಲ್ಲಿ ನಿಯಮ ಬಂದಾಗಿನಿಂದ ನಮ್ಮ ಚಿಕ್ಕಮಗಳೂರು ಜಿಲ್ಲೆಯಲ್ಲಿ ಒಂದು ವಾದ ನಿಲ್ಲುತ್ತಲೇ ಇಲ್ಲ. ಮಿತಿ ಬೇಕೇ ಬೇಕು ಅನ್ನುವವರು ಒಂದು ಕಡೆ. ಪ್ರವಾಸಿಗರು ಕಡಿಮೆಯಾದರೆ ನಾವು ಬದುಕೋದು ಹೇಗೆ ಅನ್ನುವವರು ಇನ್ನೊಂದು ಕಡೆ. ನಾನು ಕಳಸದವನು. ನಮ್ಮೂರಿನ ಸುತ್ತ ಯಾವ ಗುಡ್ಡ ಹತ್ತಿದರೂ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹುಲ್ಲುಗಾವಲು ಕಣ್ಣಿಗೆ ಬೀಳುತ್ತದೆ. ಈ ಸಲ ಮಳೆ ನಿಂತ ಮೇಲೆ ಮನೆಮಂದಿಯೆಲ್ಲ ಕೇರಳದ ಮುನ್ನಾರಿಗೆ ಹೋಗಿ ಬಂದೆವು. ಅದೂ ನಮ್ಮೂರಿನ ಹಾಗೆಯೇ ರಾಷ್ಟ್ರೀಯ ಉದ್ಯಾನದ ಪಕ್ಕದ ಬೆಟ್ಟದ ಊರು. ಪ್ರವಾಸದ ವಿಷಯದಲ್ಲಿ ನಮಗಿಂತ ಎಷ್ಟೋ ವರ್ಷ ಮುಂದೆ ಹೋಗಿರುವ ಊರು. ಅಲ್ಲಿಂದ ನಾವು ಇದ್ದಹಾಗೇ ಎತ್ತಿಕೊಂಡು ಬರಬೇಕಾದ್ದು ಒಂದಿದೆ, ಹತ್ತಿರಕ್ಕೂ ಬಿಟ್ಟುಕೊಳ್ಳಬಾರದ್ದು ಇನ್ನೊಂದಿದೆ. ಮೊದಲನೆಯದು ಉದ್ಯಾನದ ಗೇಟಿನ ಒಳಗಿದೆ. ಎರಡನೆಯದು ಗೇಟಿನ ಹೊರಗೆ, ಪೇಟೆಯಲ್ಲಿದೆ. ಇದನ್ನು ನಿಮ್ಮ ಪತ್ರಿಕೆಯ ಮೂಲಕ ಜಿಲ್ಲೆಯ ಜನರಿಗೂ ಅಧಿಕಾರಿಗಳಿಗೂ ಹೇಳಬೇಕು ಅನ್ನಿಸಿತು.

ಮೊದಲು ಗೇಟಿನ ಒಳಗಿನ ಮಾತು. ಉದ್ಯಾನದ ಹೆಸರು ಇರವಿಕುಳಂ. ವಿಸ್ತೀರ್ಣ 97 ಚದರ ಕಿಲೋಮೀಟರ್. ದಕ್ಷಿಣ ಭಾರತದ ಅತಿ ಎತ್ತರದ ಶಿಖರ ಆನಮುಡಿ ಇರುವುದು ಇದರೊಳಗೇ, 2,695 ಮೀಟರ್. ಇಷ್ಟು ದೊಡ್ಡ ಕಾಡಿನಲ್ಲಿ ಪ್ರವಾಸಿಗರಿಗೆ ಬಿಟ್ಟಿರುವುದು ರಾಜಮಲ ಎಂಬ ಒಂದು ಅಂಚು ಮಾತ್ರ. ಆನಮುಡಿಯ ಬುಡದಲ್ಲಿ ನಿಂತು ತಲೆಯೆತ್ತಿ ನೋಡಬಹುದು, ಸುಮ್ನೆ ಟಿಕೆಟ್ ಕೊಂಡು ಹತ್ತುತ್ತೇನೆ ಅಂದರೆ ಬಿಡುವುದಿಲ್ಲ. ನಮ್ಮ ಗಾಡಿಯನ್ನು ಕೆಳಗೇ ನಿಲ್ಲಿಸಬೇಕು. ಅಲ್ಲಿಂದ ಮೇಲಕ್ಕೆ ಅರಣ್ಯ ಇಲಾಖೆಯ ಬಸ್ಸು. ಕೋಟಿ ರೂಪಾಯಿಯ ಕಾರಿನಲ್ಲಿ ಬಂದವರೂ ಅದೇ ಬಸ್ಸಿಗೆ ಸಾಲಿನಲ್ಲಿ ನಿಲ್ಲಬೇಕು. ಟಿಕೆಟ್ಟನ್ನು ಮೊದಲೇ ಆನ್‌ಲೈನಿನಲ್ಲಿ, ಹೊತ್ತು ಗೊತ್ತುಮಾಡಿಕೊಂಡು ತೆಗೆದುಕೊಳ್ಳಬಹುದು. ಬಸ್ಸು ಇಳಿದ ಮೇಲೆ ಒಂದು ಡಾಂಬರು ದಾರಿಯಲ್ಲಿ ನಡೆದು ಹೋಗಿ, ಅದೇ ದಾರಿಯಲ್ಲಿ ವಾಪಸ್ ಬರುವುದು. ಅಷ್ಟೇ. ದಾರಿ ಬಿಟ್ಟು ಹುಲ್ಲಿನ ಮೇಲೆ ಕಾಲಿಟ್ಟರೆ ಕಾವಲುಗಾರರು ಕೂಗಿ ಕರೆಯುತ್ತಾರೆ.

ಆ ದಾರಿಯ ಪಕ್ಕದಲ್ಲಿ, ಕೈಗೆ ಸಿಗುವಷ್ಟು ಹತ್ತಿರದಲ್ಲಿ ವರಯಾಡುಗಳು ಮೇಯುತ್ತಿದ್ದವು. ನೀಲಗಿರಿ ತಾರ್ ಎಂದು ನಮ್ಮ ಮಕ್ಕಳು ಪುಸ್ತಕದಲ್ಲಿ ಓದುವ ಕಾಡುಮೇಕೆ ಇದೇ. ಇಡೀ ಪ್ರಪಂಚದಲ್ಲಿ ಇದು ಇರುವುದು ಕೇರಳ ಮತ್ತು ತಮಿಳುನಾಡಿನ ಎತ್ತರದ ಬೆಟ್ಟಗಳಲ್ಲಿ ಮಾತ್ರ. ನಮ್ಮ ಕರ್ನಾಟಕದಲ್ಲಿ ಇಲ್ಲ. 2025ರಲ್ಲಿ ಎರಡೂ ರಾಜ್ಯಗಳು ಒಟ್ಟಿಗೆ ಎಣಿಸಿದಾಗ ಎಲ್ಲ ಸೇರಿ ಸಿಕ್ಕಿದ್ದು 2,600 ಚಿಲ್ಲರೆ. ಅದರಲ್ಲಿ 800ಕ್ಕೂ ಜಾಸ್ತಿ ಇರವಿಕುಳಂ ಒಂದರಲ್ಲೇ ಇವೆ. ಒಂದು ದೊಡ್ಡ ಗಂಡು, ಬೆನ್ನ ಮೇಲೆ ಬೆಳ್ಳಗೆ ಮಚ್ಚೆ ಬಿದ್ದದ್ದು, ನಮ್ಮ ಮುಂದೆಯೇ ರಸ್ತೆ ದಾಟಿ ಬಂಡೆಯ ಮೇಲೆ ಹೋಗಿ ನಿಂತಿತು. ಅಷ್ಟು ಜನರನ್ನು ಕಂಡು ಅದಕ್ಕೆ ಒಂದಿಷ್ಟೂ ಹೆದರಿಕೆಯಾಗಲಿಲ್ಲ. ನಮ್ಮ ಕಡೆ ಕಾಟಿಯೋ ಕಡವೆಯೋ ರಸ್ತೆಯ ಪಕ್ಕ ಕಂಡರೆ ಜನ ಗಾಡಿ ನಿಲ್ಲಿಸಿ ಹಾರ್ನ್ ಹೊಡೆದು, ಇಳಿದು ಓಡಿಸಿಕೊಂಡು ಹೋಗುವುದನ್ನು ನೋಡಿ ನೋಡಿ ಸಾಕಾಗಿರುವ ನನಗೆ ಆ ಪ್ರಾಣಿಯ ನೆಮ್ಮದಿ ಕಂಡು ನಿಜಕ್ಕೂ ಹೊಟ್ಟೆ ಉರಿಯಿತು.

ಈ ನೆಮ್ಮದಿ ತಾನಾಗಿ ಬಂದದ್ದಲ್ಲ. ಒಂದು ಕಾಲಕ್ಕೆ ಇದು ಚಹಾ ತೋಟದ ಬಿಳಿ ದೊರೆಗಳ ಬೇಟೆಯ ಜಾಗವಾಗಿತ್ತು. ಬೇಟೆಗೆ ಪ್ರಾಣಿ ಉಳಿಯಲಿ ಅಂತ ಅವರೇ ಸಂಘ ಮಾಡಿಕೊಂಡು ಕಾಯುತ್ತಿದ್ದರು. ಕಾವಲಿಗೆ ಇದ್ದವರು ಅಲ್ಲಿನ ಮುದುವಾನ್ ಬುಡಕಟ್ಟಿನ ಜನ. ಭೂಸುಧಾರಣೆಯಲ್ಲಿ ಜಾಗ ಸರ್ಕಾರಕ್ಕೆ ಬಂದ ಮೇಲೆ 1975ರಲ್ಲಿ ಅಭಯಾರಣ್ಯವಾಯಿತು, 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಬೇಟೆ ಹೋಯಿತು, ಮುದುವಾನರ ಕಾವಲು ಉಳಿಯಿತು. ಇವತ್ತಿಗೂ ಲಕ್ಕಂ ಎಂಬ ಹಾಡಿಯ ಮುದುವಾನರು ಅಲ್ಲಿ ಕಾವಲಿಗಿದ್ದಾರೆ. ಬೆಂಕಿ ರೇಖೆ ತೆಗೆಯುವುದು, ಬೇಸಿಗೆಗೆ ಮೊದಲೇ ಹುಲ್ಲನ್ನು ಹದವಾಗಿ ಸುಡುವುದು, ಎಲ್ಲಕ್ಕೂ ಅವರೇ ಬೇಕು. ದಾರಿಯಲ್ಲಿ ನಿಂತಿದ್ದ ಒಬ್ಬ ಕಾವಲುಗಾರರನ್ನು ನನಗೆ ಬರುವ ಹರಕುಮುರುಕು ತಮಿಳಿನಲ್ಲಿ ಮಾತಾಡಿಸಿದೆ. ಎಲ್ಲಿಂದ ಬಂದಿರಿ ಅಂತ ಕೇಳಿದರು. ಕರ್ನಾಟಕ ಅಂದೆ. ಬೆಂಗಳೂರಿನವರು ತುಂಬಾ ಬರುತ್ತಾರೆ, ಹೇಳಿದರೆ ಕೇಳುತ್ತಾರೆ ಅಂದರು.

ಆ ಮಾತು ನನ್ನ ತಲೆಯಲ್ಲಿ ಹಾಗೇ ಕೂತಿದೆ. ಹೇಳಿದರೆ ಕೇಳುತ್ತಾರೆ. ಅದೇ ಬೆಂಗಳೂರಿನವರು, ಅದೇ ನಾವು. ಅಲ್ಲಿ ಬಸ್ಸಿಗೆ ಸಾಲು ನಿಂತವರು, ಹುಲ್ಲಿಗೆ ಕಾಲಿಡದವರು ನಮ್ಮ ಬೆಟ್ಟಕ್ಕೆ ಬಂದಾಗ ಯಾಕೆ ಬೇರೆ ಥರ ಆಗುತ್ತಾರೆ? ಜನ ಕೆಟ್ಟವರು ಅಂತ ನಾನು ಒಪ್ಪುವುದಿಲ್ಲ. ಅಲ್ಲಿ ನಿಯಮ ಇದೆ, ನಿಯಮ ಹೇಳುವವರು ನೂರು ಮಾರಿಗೊಬ್ಬರಂತೆ ನಿಂತಿದ್ದಾರೆ, ಮೇಲಕ್ಕೆ ಹೋಗಲು ಬಸ್ಸು ಕೊಟ್ಟಿದ್ದಾರೆ. ನಾವು ಬರೀ ಬೋರ್ಡು ನೆಡುತ್ತೇವೆ.

ಇನ್ನೊಂದು ವಿಷಯ. ವರಯಾಡು ಮರಿ ಹಾಕುವ ಕಾಲದಲ್ಲಿ, ಹೆಚ್ಚು ಕಡಿಮೆ ಫೆಬ್ರವರಿ ಮತ್ತು ಮಾರ್ಚ್ ಪೂರ್ತಿ, ಇರವಿಕುಳಂ ಬಾಗಿಲು ಮುಚ್ಚುತ್ತದೆ. ಮುನ್ನಾರಿನ ಎಲ್ಲ ಹೋಟೆಲು, ಎಲ್ಲ ಟ್ಯಾಕ್ಸಿಯವರಿಗೂ ಇದು ಗೊತ್ತು. ವರ್ಷಾ ವರ್ಷಾ ನಡೆಯುವುದರಿಂದ ಯಾರೂ ಬೀದಿಗಿಳಿದು ಕೂಗುವುದಿಲ್ಲ. ಆ ತಿಂಗಳುಗಳಲ್ಲಿ ಬಂದವರನ್ನು ಮಾಟ್ಟುಪೆಟ್ಟಿಗೋ ಬೇರೆ ಕಡೆಗೋ ಕರೆದುಕೊಂಡು ಹೋಗುತ್ತಾರೆ. ಊರಿನ ವ್ಯಾಪಾರ ಆ ಬಾಗಿಲಿಗೆ ಹೊಂದಿಕೊಂಡಿದೆ. ಬಾಗಿಲು ಊರಿನ ವ್ಯಾಪಾರಕ್ಕೆ ಹೊಂದಿಕೊಂಡಿಲ್ಲ.

ಈಗ ಗೇಟಿನ ಹೊರಗೆ ಬರೋಣ. ಇಲ್ಲಿ ಬರೆಯುವುದಕ್ಕೆ ಬೇಜಾರು. ಮೂರು ಹೊಳೆ ಕೂಡುವ ಜಾಗದಲ್ಲಿ, 1,500 ಮೀಟರಿಗೂ ಎತ್ತರದಲ್ಲಿ ಇರುವ ಪುಟ್ಟ ಪೇಟೆ ಅದು. ಮೂಲತಃ ಚಹಾ ತೋಟಕ್ಕಾಗಿ ಹುಟ್ಟಿದ್ದು. ಒಂದು ಕಾಲಕ್ಕೆ ಅಲ್ಲಿ ರೈಲು ಕೂಡ ಓಡುತ್ತಿತ್ತು, 1924ರ ಮಹಾ ಪ್ರವಾಹ ಹಳಿ ಸಮೇತ ಕೊಚ್ಚಿಕೊಂಡು ಹೋಯಿತು. ಈಗ ಆ ಪೇಟೆಯ ರಸ್ತೆಯಲ್ಲಿ ರಜೆಯ ದಿನ ಗಾಡಿಗಳು ಅಲುಗಾಡುವುದಿಲ್ಲ. ಒಂದಷ್ಟು ದೂರ ಹೋಗಲು ನಾವು ಕಾರಿನಲ್ಲಿ ಕೂತು ಕಾದಷ್ಟು ಹೊತ್ತಿನಲ್ಲಿ ಕಾಲುನಡಿಗೆಯಲ್ಲೇ ಹೋಗಿ ಬರಬಹುದಿತ್ತು. ಪಕ್ಕದಲ್ಲಿ ಆಂಬುಲೆನ್ಸ್ ಒಂದು ಸೈರನ್ ಹಾಕಿಕೊಂಡು ನಿಂತೇ ಇತ್ತು. ಅದರೊಳಗೆ ಯಾರಿದ್ದರೋ. ಬೆಟ್ಟದ ಇಳಿಜಾರಿನಲ್ಲಿ, ಕಂಬಗಳ ಮೇಲೆ, ಐದಾರು ಅಂತಸ್ತಿನ ಹೋಟೆಲುಗಳು ನಿಂತಿವೆ. 2007ರಲ್ಲಿ ಅಲ್ಲಿನ ಸರ್ಕಾರವೇ ವಿಶೇಷ ತಂಡ ಕಳಿಸಿ ಅಕ್ರಮ ಕಟ್ಟಡಗಳನ್ನು ಒಡೆಸಲು ಹೊರಟಿತ್ತು. ಒಂದಷ್ಟು ಉರುಳಿದವು, ಆಮೇಲೆ ರಾಜಕೀಯ ಅಡ್ಡ ಬಂತು, ಕೆಲಸ ನಿಂತಿತು. ಒಮ್ಮೆ ಕಟ್ಟಲು ಬಿಟ್ಟರೆ ಮತ್ತೆ ಕೆಡವುವುದು ಯಾವ ಸರ್ಕಾರಕ್ಕೂ ಸುಲಭ ಅಲ್ಲ. ಕಳಸ, ಹೊರನಾಡು, ಸಂಸೆ ಕಡೆ ಈಗ ಗುಡ್ಡ ಕಡಿದು ಪಾಯ ತೆಗೆಯುತ್ತಿರುವವರಿಗೆ ಅನುಮತಿ ಕೊಡುವ ಅಧಿಕಾರಿಗಳು ಒಂದು ಸಲ ಮುನ್ನಾರಿಗೆ ಹೋಗಿ ಆ ಇಳಿಜಾರುಗಳನ್ನು ನೋಡಿ ಬರಬೇಕು.

ಆನೆಗಳ ಕಥೆ ಇನ್ನೂ ಕಷ್ಟದ್ದು. ಪಡಯಪ್ಪ ಅಂತ ಊರವರೇ ಹೆಸರಿಟ್ಟ ಒಂಟಿ ಸಲಗ ಮುನ್ನಾರಿನ ಸುತ್ತ ಓಡಾಡುತ್ತದೆ. ತೋಟಕ್ಕೆ ನುಗ್ಗುತ್ತದೆ, ರಸ್ತೆ ಬದಿಯ ಅಂಗಡಿ ಒಡೆಯುತ್ತದೆ, ಊರಿನ ಕಸ ತಂದು ಸುರಿಯುವ ಕಡೆ ಹೋಗಿ ಕೊಳೆತ ತರಕಾರಿ ಜೊತೆ ಸಿಕ್ಕಿದ್ದೆಲ್ಲ ತಿನ್ನುತ್ತದೆ. ಚಿನ್ನಕನಾಲ್ ಕಡೆ ಇದ್ದ ಅರಿಕೊಂಬನ್ ಎಂಬ ಇನ್ನೊಂದು ಸಲಗ ಅಕ್ಕಿಯ ರುಚಿ ಹತ್ತಿ ರೇಷನ್ ಅಂಗಡಿ, ಮನೆಗಳನ್ನೇ ಒಡೆಯುತ್ತಿತ್ತು. ಅದನ್ನು 2023ರ ಏಪ್ರಿಲಿನಲ್ಲಿ ಹಿಡಿದು ಪೆರಿಯಾರ್ ಹುಲಿ ಕಾಡಿಗೆ ಬಿಟ್ಟರು. ಅದು ಅಲ್ಲಿಂದ ತಮಿಳುನಾಡಿನ ಕಂಬಂ ಪೇಟೆಗೆ ಇಳಿಯಿತು. ಮತ್ತೆ ಹಿಡಿದು ಇನ್ನೂ ದಕ್ಷಿಣಕ್ಕೆ, ಕಳಕ್ಕಾಡು ಮುಂಡಂದುರೈ ಕಾಡಿಗೆ ಸಾಗಿಸಿದರು. ಆನೆ ಅಷ್ಟು ಸಲ ಅರಿವಳಿಕೆಯ ಚುಚ್ಚುಮದ್ದು ಹಾಕಿಸಿಕೊಂಡು ಲಾರಿ ಹತ್ತಬೇಕಾಯಿತು. ಹೋಟೆಲಿನ ಹಿಂದೆ ಎಸೆದ ಊಟದ ಎಲೆಗೂ ಈ ಕಷ್ಟಕ್ಕೂ ಸಂಬಂಧ ಇಲ್ಲ ಅನ್ನುವಂತಿಲ್ಲ. ನಾವು ಉಳಿದಿದ್ದ ಜಾಗದಲ್ಲೇ ಅಡುಗೆಮನೆಯ ಹಿಂದಿನ ಚರಂಡಿಗೆ ಕಸ ಸುರಿಯುವುದನ್ನು ಕಣ್ಣಾರೆ ಕಂಡೆ. ಕೇಳಿದೆ. ಕೆಲಸದ ಹುಡುಗ ತಲೆ ತಗ್ಗಿಸಿದ, ಮಾಲೀಕರು ಅಲ್ಲಿರಲಿಲ್ಲ.

ಪೆಟ್ಟಿಮುಡಿಯ ವಿಷಯ ಬರೆಯದೆ ಈ ಪತ್ರ ಮುಗಿಸಲಾರೆ. ರಾಜಮಲಕ್ಕೆ ಪ್ರವಾಸಿಗರು ಹೋಗುವ ದಾರಿಯಿಂದ ಅದು ಬಹಳ ದೂರವೇನೂ ಇಲ್ಲ, ಇರವಿಕುಳಂನ ಅಂಚಿನಲ್ಲೇ ಇದೆ. ಅಲ್ಲಿ ಚಹಾ ತೋಟದ ಕಾರ್ಮಿಕರ ಲೈನ್ ಮನೆಗಳಿದ್ದವು. ನಮ್ಮ ಕಾಫಿ ತೋಟಗಳಲ್ಲಿ ಇರುತ್ತಲ್ಲ, ಒಂದೇ ಗೋಡೆಗೆ ಅಂಟಿಕೊಂಡ ಸಾಲು ಮನೆಗಳು, ಹಾಗೆಯೇ. 2020ರ ಆಗಸ್ಟ್ 6ರ ರಾತ್ರಿ, ಎಲ್ಲರೂ ಮಲಗಿದ್ದಾಗ, ಮೇಲಿನ ಗುಡ್ಡ ಜಾರಿ ಆ ಸಾಲುಗಳ ಮೇಲೆ ಬಂತು. 70 ಜನ ಹೋದರು. ಅದರಲ್ಲಿ ನಾಲ್ವರ ದೇಹ ಸಿಗಲೇ ಇಲ್ಲ. ಆ ಹೊತ್ತಿಗೆ ಮಳೆಗೆ ಕರೆಂಟ್ ಇರಲಿಲ್ಲ, ಮೊಬೈಲ್ ಸಿಗ್ನಲ್ ಇರಲಿಲ್ಲ, ಹಾಗಾಗಿ ಸುದ್ದಿ ಹೊರಗೆ ಬಂದದ್ದೇ ಬೆಳಗಾದ ಮೇಲೆ. ದಾರಿಯ ತಾತ್ಕಾಲಿಕ ಸೇತುವೆ ಕೊಚ್ಚಿಹೋಗಿದ್ದರಿಂದ ರಕ್ಷಣೆಗೆ ಹೋದವರಿಗೂ ತಡವಾಯಿತು. ಸತ್ತವರು ತಲೆಮಾರುಗಳ ಹಿಂದೆ ತಮಿಳುನಾಡಿನಿಂದ ಚಹಾ ಕುಯ್ಯಲು ಬಂದವರ ಮಕ್ಕಳು, ಮೊಮ್ಮಕ್ಕಳು.

ಇದನ್ನು ಓದುವ ನಮ್ಮ ಜಿಲ್ಲೆಯವರಿಗೆ 2019ರ ಆಗಸ್ಟ್ ನೆನಪಾಗಿಯೇ ಆಗುತ್ತದೆ. ಆಗಿನ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಬಂದು ಮನೆ, ಗದ್ದೆ, ತೋಟ ಎಲ್ಲ ಹೋಯಿತು. ಎಷ್ಟೋ ಜನ ಉಟ್ಟ ಬಟ್ಟೆಯಲ್ಲಿ ಹೊರಗೆ ಬಂದರು. ಬೆಟ್ಟಕ್ಕೆ ಎಷ್ಟು ಭಾರ ಹೊರಿಸಬಹುದು ಅನ್ನುವ ಪ್ರಶ್ನೆ ನಮಗೆ ದೂರದ್ದಲ್ಲ. ಮುನ್ನಾರಿನಿಂದ ದೇವಿಕುಳಂ ದಾಟಿ ಹೋಗುವ ಗ್ಯಾಪ್ ರಸ್ತೆಯನ್ನು ಅಗಲ ಮಾಡಲು ಬಂಡೆ ಸಿಡಿಸಿದ ಮೇಲೆ ಅಲ್ಲಿ ಮತ್ತೆ ಮತ್ತೆ ಕುಸಿದಿದೆ. ಈಗ ಆ ರಸ್ತೆ ನೋಡಲು ಬಹಳ ಚೆಂದ, ನಿಜ. ಪಕ್ಕದ ಕಡಿದ ಗುಡ್ಡ ನೋಡಿದರೆ ನಮ್ಮಂಥ ಮಲೆನಾಡಿನವರಿಗೆ ಎದೆ ಝಲ್ಲೆನ್ನುತ್ತದೆ.

ಚಹಾ ತೋಟದ ಹೆಂಗಸರ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. 2015ರಲ್ಲಿ ಅವರು ಪೆಂಬಿಳೈ ಒರುಮೈ ಎಂದು ಒಗ್ಗಟ್ಟಾಗಿ, ಯಾವ ಯೂನಿಯನ್ ನಾಯಕರನ್ನೂ ಮುಂದೆ ನಿಲ್ಲಿಸದೆ, ಬೋನಸ್ಸಿಗಾಗಿ ಮುನ್ನಾರಿನ ರಸ್ತೆಯಲ್ಲೇ ಕೂತು ಗೆದ್ದವರು. ನಾವು ಪ್ರವಾಸಿಗರು ಅವರನ್ನು ಹಸಿರು ಹಿನ್ನೆಲೆಯ ಫೋಟೊ ಅಂದುಕೊಂಡಿದ್ದೇವೆ. ಕೆಲಸದ ಮಧ್ಯೆ ನಿಲ್ಲಿಸಿ, ಬುಟ್ಟಿ ಇಸಕೊಂಡು ತಾವೇ ಬೆನ್ನಿಗೆ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವವರಿದ್ದರು. ಅವರಿಗೆ ತೂಕದ ಲೆಕ್ಕ ಇರುತ್ತದೆ. ದಯವಿಟ್ಟು ಕೇಳದೆ ಫೋಟೊ ತೆಗೆಯಬೇಡಿ, ಕೆಲಸ ನಿಲ್ಲಿಸಬೇಡಿ.

ಇನ್ನು ನಮ್ಮೂರಿಗೆ ಬರುತ್ತೇನೆ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 600 ಚದರ ಕಿಲೋಮೀಟರ್, ಇರವಿಕುಳಂನ ಆರು ಪಟ್ಟು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಜಾಗ. ಸಿಂಗಳೀಕಗಳ ದೊಡ್ಡ ಆಸರೆ. ಇದರ ಹೊಟ್ಟೆಯಲ್ಲೇ ಕಬ್ಬಿಣದ ಅದಿರು ತೆಗೆಯುತ್ತಿದ್ದರು, ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಮಳೆಗಾಲದಲ್ಲಿ ಭದ್ರೆ ಕೆಂಪಗೆ ಹರಿಯುತ್ತಿದ್ದದ್ದನ್ನು ನನ್ನ ವಯಸ್ಸಿನವರು ಯಾರೂ ಮರೆತಿಲ್ಲ. ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪು ಕೊಟ್ಟು, 2005ರ ಕೊನೆಗೆ ಗಣಿ ನಿಂತಿತು. ಎಷ್ಟೋ ಜನ ವರ್ಷಗಟ್ಟಲೆ ಹೋರಾಡಿದ್ದರಿಂದ ಆದ ಕೆಲಸ ಅದು. ಗಣಿ ಕಂಪನಿಯಿಂದ ಉಳಿಸಿಕೊಂಡ ಗುಡ್ಡಗಳನ್ನು ಈಗ ನಾವು ಶನಿವಾರ ಭಾನುವಾರಕ್ಕೆ ಬಿಟ್ಟುಕೊಟ್ಟರೆ ಆ ಹೋರಾಟಕ್ಕೆ ಏನು ಬೆಲೆ?

ಒಳ್ಳೆಯದು ಆಗಿಲ್ಲ ಎಂದು ನಾನು ಹೇಳುತ್ತಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ನುಗ್ಗಿದ ಚಿತ್ರಗಳು ಎಲ್ಲ ಕಡೆ ಹರಿದಾಡಿದ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ತಂದಿತು. ಕುದುರೆಮುಖ ಶಿಖರಕ್ಕೂ ನೇತ್ರಾವತಿ ಶಿಖರಕ್ಕೂ ದಿನಕ್ಕೆ ಇಷ್ಟೇ ಜನ ಅಂತ ಲೆಕ್ಕ ಇದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಚಾರಣ ನಿಲ್ಲಿಸುತ್ತಾರೆ. ಇದೆಲ್ಲ ಸರಿಯಾದ ದಾರಿ. ನನ್ನ ಕೊರಗು ಇಷ್ಟೇ: ಕುದುರೆಮುಖದ ಕಡೆ ಜನರನ್ನು ಎಣಿಸುತ್ತಿದ್ದೇವೆ, ಗಾಡಿಗಳನ್ನು ಎಣಿಸುತ್ತಿಲ್ಲ. ಶಿಖರಕ್ಕೆ ಹೋಗುವವರು ಕಡಿಮೆಯಾದರೂ ಸಂಸೆ, ಬಾಳೆಗಲ್ಲು ಕಡೆಯ ಕಿರಿದಾದ ದಾರಿಗಳಲ್ಲಿ ನಸುಕಿನಲ್ಲೇ ಜೀಪುಗಳು ಒಂದರ ಹಿಂದೆ ಒಂದು ಓಡುತ್ತವೆ. ಕಾರ್ಕಳ ಕಡೆಯಿಂದ ಬರುವ ರಸ್ತೆಯಲ್ಲಿ, ಉದ್ಯಾನದ ನಡು ಮಧ್ಯೆ, ನಿಲ್ಲಿಸಬಾರದು ಎಂದು ಬರೆದಿರುವ ಬೋರ್ಡಿನ ಕೆಳಗೇ ಕಾರು ನಿಲ್ಲಿಸಿ, ಡಿಕ್ಕಿ ತೆಗೆದು, ಊಟ ಹರಡಿಕೊಂಡು, ಬಾಟಲಿಗಳನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಹಳ್ಳದಲ್ಲಿ ಗಾಜಿನ ಚೂರು. ದನ ಮೇಯಿಸಲು ಹೋದವರ ಕಾಲಿಗೆ ಹೊಕ್ಕಿದ ಮೇಲೆ ಗೊತ್ತಾಗುತ್ತದೆ. ಇನ್ನು ರಾತ್ರಿ ಹೋಂಸ್ಟೇಗಳಿಂದ ಬರುವ ಡಿಜೆ ಸದ್ದು. ಕಾಡಿನ ಅಂಚಿನಲ್ಲಿ ಆ ಸದ್ದು ಎಷ್ಟು ದೂರ ಹೋಗುತ್ತದೆ ಅನ್ನುವುದು ಪೇಟೆಯಿಂದ ಬಂದವರಿಗೆ ಗೊತ್ತಿರುವುದಿಲ್ಲ, ಹೋಂಸ್ಟೇ ಮಾಲೀಕರಿಗೆ ಗೊತ್ತಿರುತ್ತದೆ.

ನನ್ನ ಸಲಹೆ ಹೊಸದೇನೂ ಅಲ್ಲ, ರಾಜಮಲದಲ್ಲಿ ಕಣ್ಣ ಮುಂದೆ ನಡೆಯುತ್ತಿರುವುದೇ. ಖಾಸಗಿ ಗಾಡಿಗಳು ಕಳಸದಲ್ಲೋ ಕುದುರೆಮುಖದ ಟೌನ್‌ಶಿಪ್ಪಿನಲ್ಲೋ ನಿಲ್ಲಲಿ. ಗಣಿ ನಿಂತ ಮೇಲೆ ಆ ಟೌನ್‌ಶಿಪ್ಪಿನಲ್ಲಿ ಖಾಲಿ ಬಿದ್ದ ಜಾಗಕ್ಕೆ ಕೊರತೆ ಇಲ್ಲ. ಹೊಸದಾಗಿ ಒಂದು ಮರವನ್ನೂ ಕಡಿಯುವುದು ಬೇಕಾಗಿಲ್ಲ. ಅಲ್ಲಿಂದ ಮುಂದಕ್ಕೆ ಇಲಾಖೆಯ ಸಣ್ಣ ಬಸ್ಸುಗಳು ಓಡಲಿ. ನಮ್ಮ ಘಾಟಿಯ ತಿರುವುಗಳಲ್ಲಿ ಮಿನಿ ಬಸ್ಸು ಆರಾಮಾಗಿ ಹೋಗುತ್ತದೆ. ಮುಳ್ಳಯ್ಯನಗಿರಿಗೂ ಇದೇ ಆಗಲಿ. ಕೈಮರದಲ್ಲಿ ಕಾರು ಬಿಟ್ಟು ಬಸ್ಸು ಹತ್ತಲಿ. ಈಗಿನ ನೋಂದಣಿ ಒಳ್ಳೆಯ ಆರಂಭ, ಆದರೆ ಅಷ್ಟು ಕಾರುಗಳು ಆ ಕಿರಿದಾದ ರಸ್ತೆಯಲ್ಲಿ ಎದುರು ಬದುರಾಗುವುದು ತಪ್ಪಿಲ್ಲ. ಊಟಿ, ಕೊಡೈಕನಾಲಿಗೆ ಮದ್ರಾಸ್ ಹೈಕೋರ್ಟು 2024ರ ಮೇ ತಿಂಗಳಿನಿಂದ ಇ-ಪಾಸ್ ಮಾಡಿಸಿದೆ, ಆಮೇಲೆ ದಿನಕ್ಕೆ ಇಷ್ಟೇ ವಾಹನ ಎಂಬ ಮಿತಿಯನ್ನೂ ಹಾಕಿದೆ. ನಮ್ಮವರು ಊಟಿಗೆ ಹೋಗುವಾಗ ಮರುಮಾತಿಲ್ಲದೆ ಪಾಸ್ ತೆಗೆದುಕೊಳ್ಳುತ್ತಾರೆ. ಬಂಡೀಪುರದಲ್ಲಿ ರಾತ್ರಿ 9ಕ್ಕೆ ಗೇಟು ಬೀಳುತ್ತದೆ ಅಂತ ಗೊತ್ತಿದ್ದು ಅದಕ್ಕೆ ತಕ್ಕ ಹಾಗೆ ಮನೆ ಬಿಡುತ್ತಾರೆ. ಇಲ್ಲಿ ಯಾಕೆ ಆಗುವುದಿಲ್ಲ?

ಜೀಪಿನವರ ಹೊಟ್ಟೆಪಾಡು ಏನಾಗಬೇಕು ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು. ನನ್ನ ಸ್ವಂತ ಬಳಗದಲ್ಲೇ ಜೀಪು ಓಡಿಸುವವರು, ಮನೆಯ ಮೇಲೆ ಎರಡು ರೂಮು ಎತ್ತಿಸಿ ಹೋಂಸ್ಟೇ ಮಾಡಿಕೊಂಡವರು ಇದ್ದಾರೆ. ಅಡಿಕೆಗೆ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗ ಬಂದ ಮೇಲೆ ಎಷ್ಟೋ ಮನೆಗಳನ್ನು ನಿಲ್ಲಿಸಿದ್ದು ಈ ಪ್ರವಾಸಿಗರೇ. ಅದನ್ನು ಮರೆತು ಬರೀ ಕಾಡಿನ ಮಾತಾಡುವವರ ಜೊತೆ ನಾನಿಲ್ಲ. ಮುನ್ನಾರಿನ ಪಕ್ಕದಲ್ಲಿ ಕೊಲುಕ್ಕುಮಲೆ ಎಂಬ ಜಾಗ ಇದೆ. ಬಹಳ ಎತ್ತರದ ಚಹಾ ತೋಟ, ಸೂರ್ಯೋದಯ ನೋಡಲು ಜನ ಮುಗಿಬೀಳುತ್ತಾರೆ. ಅಲ್ಲಿಗೆ ಸೂರ್ಯನೆಲ್ಲಿಯಿಂದ ಸ್ಥಳೀಯರ ಜೀಪಿನಲ್ಲೇ ಹೋಗಬೇಕು, ಸ್ವಂತ ಕಾರಿಗೆ ಆ ದಾರಿ ಆಗುವುದಿಲ್ಲ. ದರ ಗೊತ್ತುಮಾಡಿದ್ದಾರೆ, ಸರದಿ ಇದೆ, ಒಂದು ಜೀಪಿಗೆ ಇಷ್ಟೇ ಜನ ಎಂಬ ಲೆಕ್ಕ ಇದೆ. ದೂಳು, ಸದ್ದು ಅಲ್ಲೂ ಇದೆ, ಅದು ಮಾದರಿ ಎಂದು ಪೂರ್ತಿ ಹೇಳಲಾರೆ. ಆದರೆ ಸರದಿಯಿಂದ ಎಲ್ಲ ಚಾಲಕರಿಗೂ ದುಡಿಮೆ ಸಿಗುತ್ತದೆ, ಯಾರೂ ಗಿರಾಕಿಗಾಗಿ ರೇಸಿಗೆ ಬೀಳುವುದಿಲ್ಲ. ನಮ್ಮಲ್ಲೂ ಉದ್ಯಾನದ ಹೊರಗಿನ ದಾರಿಗಳಿಗೆ ಹೀಗೆ ಜೀಪಿನ ಸರದಿ ಮಾಡಿ. ಒಳಗಿನ ಬಸ್ಸುಗಳಿಗೆ ಚಾಲಕರಾಗಿ ಇದೇ ಹುಡುಗರನ್ನು ತೆಗೆದುಕೊಳ್ಳಿ. ಉದ್ಯಾನದೊಳಗೆ ಪುನರ್ವಸತಿಯ ಹಣಕ್ಕಾಗಿ ಕಾಯುತ್ತಾ ಕೂತ ಕುಟುಂಬಗಳಿವೆ, ಅವರ ಮಕ್ಕಳನ್ನು ಗೈಡುಗಳಾಗಿ, ಕಾವಲುಗಾರರಾಗಿ, ತಿಂಗಳ ಸಂಬಳಕ್ಕೆ ತೆಗೆದುಕೊಳ್ಳಿ. ಮುದುವಾನರಿಗೆ ಅಲ್ಲಿ ಆಗಿರುವುದು ಇಲ್ಲಿ ನಮ್ಮ ಗೌಡಲು, ಮಲೆಕುಡಿಯ ಬುಡಕಟ್ಟಿನವರಿಗೆ ಯಾಕೆ ಆಗಬಾರದು? ಕಾಡಿನ ಒಂದೊಂದು ಹಳ್ಳವೂ ಗೊತ್ತಿರುವ ಜನ ಅವರು.

ಕುರಿಂಜಿಯ ವಿಷಯವನ್ನೂ ಈಗಲೇ ಹೇಳಬೇಕು. ಮುನ್ನಾರಿನಲ್ಲಿ ನೀಲಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಅರಳುತ್ತದೆ. 2006ರಲ್ಲಿ ಅರಳಿತ್ತು, 2018ರಲ್ಲಿ ಅರಳಿತ್ತು. ಆ ವರ್ಷವೇ ಕೇರಳದಲ್ಲಿ ಭೀಕರ ಪ್ರವಾಹ ಬಂದು ನೋಡಲು ಹೋಗುವವರಿಗೆ ದಾರಿಯೇ ಇಲ್ಲದಂತಾಯಿತು. ಇನ್ನು 2030ಕ್ಕೆ. ನಮ್ಮ ಚಂದ್ರದ್ರೋಣ ಪರ್ವತದಲ್ಲೂ 2022ರಲ್ಲಿ ಗುಡ್ಡವೆಲ್ಲ ನೀಲಿಯಾಗಿತ್ತು. ಜನ ಹೂವಿನ ಮಧ್ಯಕ್ಕೇ ಇಳಿದು ತುಳಿದರು, ಗೊಂಚಲು ಕಿತ್ತು ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಂಡರು. ಬೀಜ ಉದುರುವ ಮೊದಲೇ ಕಿತ್ತರೆ ಮುಂದಿನ ಸಲಕ್ಕೆ ಏನು ಉಳಿಯುತ್ತದೆ? ಗಿಡ ಒಂದೇ ಸಲ ಹೂ ಬಿಟ್ಟು ಸಾಯುತ್ತದೆ, ಅದಕ್ಕೆ ಇನ್ನೊಂದು ಅವಕಾಶ ಇಲ್ಲ. 2030ಕ್ಕೆ ಮುನ್ನಾರಿಗೆ ಹೋಗಬೇಕು ಎಂದುಕೊಂಡಿರುವ ಕನ್ನಡಿಗರು ಬಹಳ ಜನ ಇರಬಹುದು. ಅಲ್ಲಿ ಹೋಗಿ ದಾರಿಯಲ್ಲೇ ನಿಂತು ನೋಡಿ ಬನ್ನಿ.

ಹೋಗುವವರಿಗೆ ಇನ್ನೆರಡು ಮಾತು. ಫೆಬ್ರವರಿ, ಮಾರ್ಚಿನಲ್ಲಿ ಇರವಿಕುಳಂ ನೋಡಲೇಬೇಕೆಂದು ಹೊರಡಬೇಡಿ, ಬಾಗಿಲು ಮುಚ್ಚಿರುತ್ತದೆ. ರಜೆಯ ದಿನವಾದರೆ ಟಿಕೆಟ್ಟನ್ನು ಮೊದಲೇ ತೆಗೆದುಕೊಂಡು ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ, ಹೊತ್ತೇರಿದ ಹಾಗೆ ಮಂಜು ಮುಚ್ಚಿ ಬೆಟ್ಟವೇ ಕಾಣದೆ ಹೋಗಬಹುದು. ಉಡುಮಲ್ಪೇಟೆಯಿಂದ ಮರಯೂರಿನ ಮೇಲೆ ಹೋಗುವ ದಾರಿ ಬಹಳ ಚೆಂದ, ಆದರೆ ಅದು ಆನಮಲೆ ಹುಲಿ ಕಾಡು, ಚಿನ್ನಾರ್ ಅಭಯಾರಣ್ಯದ ನಡುವೆ ಹೋಗುತ್ತದೆ. ಹಗಲಿನಲ್ಲೇ ದಾಟಿ, ಎಲ್ಲೂ ಇಳಿಯಬೇಡಿ, ಮಂಗಗಳಿಗೆ ಬಿಸ್ಕತ್ತು ಎಸೆಯಬೇಡಿ. ಮರಯೂರಿನಲ್ಲಿ ಬೆಲ್ಲ ಕಾಯಿಸುವ ಆಲೆಮನೆಗಳಿವೆ, ಅಲ್ಲಿ ನಿಂತು ಉಂಡೆ ಬೆಲ್ಲ ಕೊಳ್ಳಿ, ನಾಲ್ಕು ಮನೆಗೆ ಆಸರೆಯಾಗುತ್ತದೆ. ಪೆಟ್ಟಿಮುಡಿಗೆ ಸೆಲ್ಫಿ ತೆಗೆಯಲು ಹೋಗಬೇಡಿ.

ಕೊನೆಗೆ ಜಿಲ್ಲಾಧಿಕಾರಿಗಳಲ್ಲಿ ಮತ್ತು ಕುದುರೆಮುಖ ವನ್ಯಜೀವಿ ವಿಭಾಗದ ಅಧಿಕಾರಿಗಳಲ್ಲಿ ನನ್ನ ಮನವಿ. ಮುಂದಿನ ಚಾರಣದ ಕಾಲ ಶುರುವಾಗುವುದಕ್ಕೆ ಮೊದಲು ಕಳಸದಲ್ಲಿ ಒಂದು ಸಭೆ ಕರೆಯಿರಿ. ಜೀಪಿನವರು, ಹೋಂಸ್ಟೇಯವರು, ತೋಟದವರು, ಕಾಡಿನೊಳಗಿನ ಹಾಡಿಯವರು, ಎಲ್ಲರನ್ನೂ ಕೂರಿಸಿ. ಇರವಿಕುಳಂನಲ್ಲಿ ಬಸ್ಸಿನ ವ್ಯವಸ್ಥೆ ನಡೆಸುತ್ತಿರುವವರನ್ನೇ ಒಂದು ದಿನದ ಮಟ್ಟಿಗೆ ಕರೆಸಿ, ಖರ್ಚು ಎಷ್ಟು, ಆದಾಯ ಎಷ್ಟು, ಎಲ್ಲಿ ಎಡವಿದರು ಎಂದು ಅವರ ಬಾಯಿಂದಲೇ ನಮ್ಮ ಜನ ಕೇಳಲಿ. ಸಭೆಯ ದಿನ ಯಾವುದು ಎಂದು ಇದೇ ಪತ್ರಿಕೆಯಲ್ಲಿ ಪ್ರಕಟಿಸಿದರೆ ನಾವು ಕಳಸದವರು ತಪ್ಪದೆ ಬರುತ್ತೇವೆ.

ಇತಿ,
ನಿಮ್ಮ ಓದುಗ,
ಕಳಸ, ಚಿಕ್ಕಮಗಳೂರು ಜಿಲ್ಲೆ